ಪುಡಿ ಇನ್ಹೇಲರ್ ನಡೆಯೋದು ನಿಮ್ಮ ಉಸಿರಿನ ಬಲದಿಂದ

ರೋಟಾಹೇಲರ್ ಅಂದರೆ ಕ್ಯಾಪ್ಸೂಲಿನಲ್ಲಿರುವ ಪುಡಿ ಔಷಧಿಯನ್ನು ಬಾಯಿಂದ ಎಳೆದುಕೊಳ್ಳುವ ಸಣ್ಣ ಡಬ್ಬಿ, ಅಸ್ತಮಾ ಇರುವವರು ಬಳಸುವ ಪುಡಿ ಇನ್ಹೇಲರ್. ಅದರೊಳಗೆ ಗ್ಯಾಸ್ ಇಲ್ಲ, ಸ್ಪ್ರಿಂಗ್ ಇಲ್ಲ, ಬ್ಯಾಟರಿ ಇಲ್ಲ. ಬಿಚ್ಚಿ ನೋಡಿದರೆ ಎರಡು ತುಂಡು ಪ್ಲಾಸ್ಟಿಕ್, ಮಧ್ಯೆ ಒಂದು ಸಣ್ಣ ಜಾಲರಿ, ಅಷ್ಟೇ. ಕ್ಯಾಪ್ಸೂಲಿನಲ್ಲಿರುವ ಪುಡಿ ಮೇಲೆದ್ದು ಶ್ವಾಸಕೋಶದ ಸಣ್ಣ ಸಣ್ಣ ಕೊಳವೆಗಳ ತನಕ ಹೋಗಬೇಕಾದರೆ ಅದಕ್ಕೆ ಬೇಕಾದ ಬಲವನ್ನೆಲ್ಲ ನೀವೇ ಕೊಡಬೇಕು, ಅದೂ ಒಂದೇ ಉಸಿರಿನಲ್ಲಿ. ಇದೊಂದು ಗೊತ್ತಾದರೆ ಡಾಕ್ಟರು ಹೇಳುವ ಮಿಕ್ಕ ಸೂಚನೆಗಳೆಲ್ಲ ಯಾಕೆ ಅಂತ ತಾನಾಗಿಯೇ ತಿಳಿಯುತ್ತದೆ. ಗೊತ್ತಾಗದಿದ್ದರೆ ವರ್ಷಗಟ್ಟಲೆ ದುಡ್ಡು ಕೊಟ್ಟು ತಂದ ಔಷಧಿ ನಾಲಿಗೆ ಮೇಲೆ, ಗಂಟಲಲ್ಲಿ, ಡಬ್ಬಿಯೊಳಗೆ ಉಳಿದುಬಿಡುತ್ತದೆ. ಆಮೇಲೆ "ಈ ಔಷಧಿ ನನಗೆ ಹಿಡಿಸ್ತಿಲ್ಲ" ಅನ್ನುವ ಮಾತು ಬರುತ್ತದೆ.

ಇದು ಯಾರೋ ಒಬ್ಬಿಬ್ಬರ ಕಥೆಯಲ್ಲ. ಅಸ್ತಮಾ ಚಿಕಿತ್ಸೆಗೆ ಜಗತ್ತಿನ ಡಾಕ್ಟರುಗಳೆಲ್ಲ ನೋಡುವ ಜಿನಾ ಮಾರ್ಗಸೂಚಿ ಪ್ರಕಾರ ಶೇಕಡಾ 70ರಿಂದ 80ರಷ್ಟು ರೋಗಿಗಳಿಗೆ ತಮ್ಮ ಇನ್ಹೇಲರನ್ನು ಸರಿಯಾಗಿ ಬಳಸೋಕೆ ಬರೋದಿಲ್ಲ. ಓದಿದವರೂ ಈ ತಪ್ಪು ಮಾಡುತ್ತಾರೆ. ಯಾರೂ ಎದುರು ಕೂತು ತೋರಿಸಿಕೊಟ್ಟಿಲ್ಲ, ತೋರಿಸಿದ ಮೇಲೆ "ಎಲ್ಲಿ, ನೀವೊಂದ್ಸಲ ಮಾಡಿ" ಅಂತ ಕೇಳಿಲ್ಲ. ತಪ್ಪಾಗೋದು ಅಲ್ಲೇ.

ಮೊದಲು ಒಂದು ಗೊಂದಲ ಬಗೆಹರಿಸೋಣ. ನಮ್ಮಲ್ಲಿ ಜನ "ಪಂಪ್" ಅಂತ ಕರೆಯುವ ಇನ್ಹೇಲರ್ ಬೇರೆ, ಪುಡಿ ಇನ್ಹೇಲರ್ ಬೇರೆ. ಪಂಪಿನಲ್ಲಿ ಔಷಧಿ ಗ್ಯಾಸ್ ಜೊತೆ ಒತ್ತಡದಲ್ಲಿರುತ್ತದೆ. ಒತ್ತಿದ ಕೂಡಲೇ ಅದೇ ಹೊರಗೆ ಚಿಮ್ಮುತ್ತದೆ. ಅಲ್ಲಿ ನಿಮ್ಮ ಕೆಲಸ ಒತ್ತುವುದು ಮತ್ತು ಅದೇ ಹೊತ್ತಿಗೆ ನಿಧಾನವಾಗಿ, ಆಳವಾಗಿ, ಮೂರ್ನಾಲ್ಕು ಸೆಕೆಂಡ್ ಉಸಿರು ಎಳೆದುಕೊಳ್ಳುವುದು. ಪುಡಿ ಇನ್ಹೇಲರಿನಲ್ಲಿ ಒತ್ತುವ ತಾಪತ್ರಯ ಇಲ್ಲ, ಆದರೆ ಉಸಿರು ಮಾತ್ರ ತದ್ವಿರುದ್ಧ: ಜೋರಾಗಿ, ಬೇಗ, ಆಳವಾಗಿ. ಮನೆಯಲ್ಲಿ ಎರಡೂ ಬಗೆಯ ಇನ್ಹೇಲರ್ ಇದ್ದವರು ಪಂಪಿಗೆ ಜೋರಾಗಿ ಎಳೆದು, ಪುಡಿಗೆ ನಿಧಾನವಾಗಿ ಎಳೆಯುವುದು ತುಂಬಾ ಸಾಮಾನ್ಯ. ಎರಡೂ ಕಡೆ ಔಷಧಿ ವ್ಯರ್ಥ.

ಯಾಕೆ ಜೋರಾಗಿ ಎಳೆಯಬೇಕು? ಕ್ಯಾಪ್ಸೂಲಿನೊಳಗೆ ಏನಿದೆ ಅಂತ ನೋಡಿದರೆ ಉತ್ತರ ಸಿಗುತ್ತದೆ. ಶ್ವಾಸಕೋಶದ ಆಳಕ್ಕೆ ಹೋಗಬೇಕಾದರೆ ಔಷಧಿಯ ಕಣ ಒಂದರಿಂದ ಐದು ಮೈಕ್ರಾನ್ ಗಾತ್ರದಲ್ಲಿರಬೇಕು. ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ. ಅದಕ್ಕಿಂತ ದಪ್ಪವಾದದ್ದು ಗಂಟಲ ತಿರುವಿನಲ್ಲೇ ಬಡಿದು ನಿಲ್ಲುತ್ತದೆ. ಆದರೆ ಇಷ್ಟು ನುಣ್ಣಗಿನ ಪುಡಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಅಳತೆ ಮಾಡಿ ಕ್ಯಾಪ್ಸೂಲಿಗೆ ತುಂಬೋಕೂ ಕಷ್ಟ. ಹಾಗಾಗಿ ಅದನ್ನು ದಪ್ಪ ಕಣಗಳಿರುವ ಲ್ಯಾಕ್ಟೋಸ್ ಜೊತೆ, ಅಂದರೆ ಹಾಲಿನ ಸಕ್ಕರೆ ಜೊತೆ ಬೆರೆಸಿರುತ್ತಾರೆ. ರವೆಗೆ ಮೈದಾ ಹಿಟ್ಟು ಮೆತ್ತಿಕೊಂಡ ಹಾಗೆ ಔಷಧಿ ಲ್ಯಾಕ್ಟೋಸಿನ ಮೈಗೆ ಮೆತ್ತಿಕೊಂಡಿರುತ್ತದೆ. ನೀವು ರಭಸದಿಂದ ಎಳೆದಾಗ ಒಳಗೆ ಗಾಳಿ ಸುಳಿಯಾಗಿ ಸುತ್ತಿ, ಕಣಗಳು ಜಾಲರಿಗೆ ಬಡಿದು, ಔಷಧಿ ಬಿಡಿಸಿಕೊಂಡು ಹಾರುತ್ತದೆ. ಲ್ಯಾಕ್ಟೋಸ್ ಬಾಯಲ್ಲಿ, ಗಂಟಲಲ್ಲಿ ಉಳಿಯುತ್ತದೆ, ಅದರಿಂದ ತೊಂದರೆಯಿಲ್ಲ. ಮೆಲ್ಲಗೆ ಎಳೆದರೆ ಇವೆರಡೂ ಬೇರೆಯಾಗುವುದೇ ಇಲ್ಲ, ಔಷಧಿಯೂ ಅದರ ಜೊತೆ ಗಂಟಲಲ್ಲೇ ಕೂತುಬಿಡುತ್ತದೆ.

ಇನ್ನೊಂದು ಸೂಕ್ಷ್ಮ ಇದೆ, ಇದನ್ನು ಹೇಳಿಕೊಡುವವರು ಕಡಿಮೆ. ಮೆಲ್ಲಗೆ ಶುರು ಮಾಡಿ ಕೊನೆಗೆ ಜೋರು ಮಾಡಿದರೆ ಆಗೋದಿಲ್ಲ. ಪುಡಿ ಹಾರುವುದು ಉಸಿರಿನ ಮೊದಲ ಕ್ಷಣದಲ್ಲೇ, ಆ ಕ್ಷಣದಲ್ಲೇ ಪೂರ್ತಿ ರಭಸ ಇರಬೇಕು. ಹಲವು ಪುಡಿ ಇನ್ಹೇಲರ್‌ಗಳಿಗೆ ನಿಮಿಷಕ್ಕೆ ಕನಿಷ್ಠ 30 ಲೀಟರ್ ವೇಗದಲ್ಲಿ ಗಾಳಿ ಎಳೆಯುವ ಶಕ್ತಿ ಬೇಕು. ಟರ್ಬುಹೇಲರ್ ಅನ್ನುವ ಇನ್ನೊಂದು ಬಗೆಯ ಪುಡಿ ಇನ್ಹೇಲರಿನಂಥವು 60 ಲೀಟರ್ ಹತ್ತಿರ ಬಂದಾಗ ಚೆನ್ನಾಗಿ ಕೆಲಸ ಮಾಡುತ್ತವೆ. ಲೆಕ್ಕ ಕೇಳಿ ಗಾಬರಿ ಬೇಡ, ಹೆಚ್ಚಿನ ದೊಡ್ಡವರಿಗೆ ಇದು ಆಗುವ ಕೆಲಸವೇ. ಮನಸ್ಸು ಮಾಡಿ ಎಳೆಯಬೇಕು ಅಷ್ಟೇ.

ನಮ್ಮ ದೊಡ್ಡಪ್ಪ ಎಳೆಯೋದನ್ನು ಒಂದು ದಿನ ಪಕ್ಕದಲ್ಲಿ ಕೂತು ನೋಡಿದೆ. ಕ್ಯಾಪ್ಸೂಲ್ ಹಾಕಿದರು, ತಿರುಗಿಸಿದರು, ಎಲ್ಲ ಸರಿ. ಆಮೇಲೆ ತುಟಿಗಿಟ್ಟುಕೊಂಡು, ಬಿಸಿ ಕಾಫಿ ಹೀರುವವರ ಹಾಗೆ, ಸಣ್ಣದಾಗಿ ಎಳೆದು ಕೆಳಗಿಟ್ಟರು. "ಆಯ್ತಾ ದೊಡ್ಡಪ್ಪ?" ಅಂದೆ. "ಆಯ್ತಲ್ಲಪ್ಪ, ದಿನಾ ಹೀಗೇ ತಗೊಳ್ಳೋದು" ಅಂದರು. ಡಬ್ಬಿ ಬಿಚ್ಚಿ ತೋರಿಸಿದೆ. ಪಾರದರ್ಶಕವಾದ ಅರ್ಧ ಕ್ಯಾಪ್ಸೂಲಿನ ತಳದಲ್ಲಿ ಬಿಳಿ ಪುಡಿ ಹಾಗೇ ಕೂತಿತ್ತು, ಜಾಲರಿಗೂ ಸ್ವಲ್ಪ ಮೆತ್ತಿತ್ತು. ಅವರು ಅದನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. "ಇದು ನನ್ನೊಳಗೆ ಹೋಗಬೇಕಾಗಿದ್ದಾ?" ಅಂತ ಕೇಳಿದರು. ಮಾರನೇ ದಿನ ಎಳೆದ ಸದ್ದು ಹಜಾರದ ತನಕ ಕೇಳಿಸಿತು.

ಆ ಅರ್ಧ ಕ್ಯಾಪ್ಸೂಲೇ ನಿಮ್ಮ ಸಾಕ್ಷಿ. ರೋಟಾಹೇಲರ್ ಹಳೇ ಕಾಲದ ಸಾಧನ, 1970ರ ದಶಕದ್ದು, ನೋಡೋಕೆ ಸಾದಾ. ಆದರೂ ನನಗೆ ಅದರ ಮೇಲೆ ತುಂಬಾ ಗೌರವ. ಒಮ್ಮೆ ಡಬ್ಬಿ ಕೊಂಡರೆ ಆಮೇಲೆ ಕ್ಯಾಪ್ಸೂಲ್ ಮಾತ್ರ ತಂದುಕೊಂಡರೆ ಸಾಕು, ತಗೊಂಡ ಡೋಸ್ ಪೂರ್ತಿ ಹೋಯಿತಾ ಇಲ್ಲವಾ ಅಂತ ಕಣ್ಣಿಂದಲೇ ನೋಡಬಹುದು. ಈ ಅನುಕೂಲ ಎಷ್ಟೋ ದುಬಾರಿ ಇನ್ಹೇಲರ್‌ಗಳಲ್ಲಿ ಇಲ್ಲ.

ಈಗ ಅದನ್ನು ಬಳಸುವ ಕ್ರಮ. ಮೊದಲು ಕೈ ಒಣಗಿರಲಿ, ಒದ್ದೆ ಬೆರಳಲ್ಲಿ ಕ್ಯಾಪ್ಸೂಲ್ ಮುಟ್ಟಿದರೆ ಅದು ಮೆತ್ತಗಾಗುತ್ತದೆ. ಬಾಯಿಗಿಡುವ ತುದಿ ಕೆಳಗೆ ಬರುವಂತೆ ಡಬ್ಬಿಯನ್ನು ನೆಟ್ಟಗೆ ಹಿಡಿಯಿರಿ. ಮೇಲೆ ಚೌಕಾಕಾರದ, ಸ್ವಲ್ಪ ಎತ್ತರಿಸಿದ ತೂತು ಕಾಣುತ್ತದೆ. ಕ್ಯಾಪ್ಸೂಲಿನ ಪಾರದರ್ಶಕ ತುದಿ ಮೊದಲು ಒಳಗೆ ಹೋಗಬೇಕು, ಬಣ್ಣದ ತುದಿ ಮೇಲಿರಬೇಕು. ಬಣ್ಣದ ತುದಿ ತೂತಿನ ಅಂಚಿಗೆ ಸಮನಾಗುವ ತನಕ ಒತ್ತಿ. ಅರ್ಧಂಬರ್ಧ ಒತ್ತಿದರೆ ಮುಂದಿನ ಹೆಜ್ಜೆ ಕೆಡುತ್ತದೆ. ಈಗ ಒಂದು ಕೈಯಲ್ಲಿ ಬಾಯಿಗಿಡುವ ಭಾಗ ಹಿಡಿದು, ಇನ್ನೊಂದು ಕೈಯಲ್ಲಿ ಬುಡವನ್ನು ಮುಂದೆ ಹೋಗದಷ್ಟು ತಿರುಗಿಸಿ. ಆಗ ಕ್ಯಾಪ್ಸೂಲ್ ಎರಡು ಹೋಳಾಗಿ ಪುಡಿ ಒಳಗೆ ಬೀಳುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಬೇರೆಯಾಗಿದೆಯಾ ಅಂತ ಕಾಣುತ್ತದೆ. ಬೇರೆಯಾಗದೇ ಇದ್ದರೆ ನೀವೆಷ್ಟೇ ಜೋರಾಗಿ ಎಳೆದರೂ ಬರೀ ಗಾಳಿ.

ಇಲ್ಲಿಂದ ಮುಂದೆ ಡಬ್ಬಿಯನ್ನು ಅಲ್ಲಾಡಿಸಬೇಡಿ, ಮಾತಾಡುತ್ತಾ ಕೈಯಲ್ಲಿ ಆಡಿಸಬೇಡಿ, ಪುಡಿ ಬಿಡುಗಡೆಯಾಗಿ ಕೂತಿದೆ. ಮುಖವನ್ನು ಡಬ್ಬಿಯಿಂದ ಆಚೆ ತಿರುಗಿಸಿ ಉಸಿರು ಹೊರಗೆ ಬಿಡಿ, ಆರಾಮಾಗಿ ಎಷ್ಟು ಆಗುತ್ತೋ ಅಷ್ಟು. ಆಚೆ ಅಂತ ಒತ್ತಿ ಹೇಳುತ್ತಿರೋದಕ್ಕೆ ಕಾರಣ ಇದೆ. ನಮ್ಮ ಉಸಿರಲ್ಲಿ ತೇವ ಇರುತ್ತದೆ, ಡಬ್ಬಿಯೊಳಗೆ ಊದಿದರೆ ಪುಡಿ ಹಾರಿಹೋಗುತ್ತದೆ, ಉಳಿದದ್ದು ತೇವಕ್ಕೆ ಗಂಟು ಕಟ್ಟುತ್ತದೆ. ಉಸಿರು ಬಿಡದೆ ನೇರ ಎಳೆಯೋದು ಇನ್ನೊಂದು ತಪ್ಪು. ಎದೆಯಲ್ಲಿ ಆಗಲೇ ಗಾಳಿ ತುಂಬಿದ್ದರೆ ಔಷಧಿ ಹೊತ್ತ ಗಾಳಿಗೆ ಜಾಗ ಎಲ್ಲಿ? ಆಮೇಲೆ ಬಾಯಿಗಿಡುವ ತುದಿಯನ್ನು ಹಲ್ಲುಗಳ ನಡುವೆ ಇಟ್ಟು, ಸುತ್ತ ತುಟಿ ಬಿಗಿಯಾಗಿ ಮುಚ್ಚಿ. ನಾಲಿಗೆ ಕೆಳಗಿರಲಿ, ಅದು ಆ ತುದಿಗೆ ಅಡ್ಡ ಬಂದರೆ ಪುಡಿಯೆಲ್ಲ ನಾಲಿಗೆಗೇ. ತಲೆ ಒಂಚೂರು ಹಿಂದಕ್ಕೆ ವಾಲಿಸಿ, ಬಾಯಿಂದ ಜೋರಾಗಿ, ಆಳವಾಗಿ ಎಳೆಯಿರಿ. ಎದೆ ತುಂಬುವ ತನಕ ನಿಲ್ಲಿಸಬೇಡಿ. ಡಬ್ಬಿ ಬಾಯಿಂದ ತೆಗೆದು, ಬಾಯಿ ಮುಚ್ಚಿ, ಹತ್ತು ಎಣಿಸುವಷ್ಟು ಹೊತ್ತು ಉಸಿರು ಹಿಡಿಯಿರಿ. ಹತ್ತು ಆಗಲ್ಲ ಅಂದರೆ ಐದಾದರೂ ಆಗಲಿ. ಸಣ್ಣ ಕಣಗಳು ಶ್ವಾಸಕೋಶದ ಕೊಳವೆಗಳ ಗೋಡೆಗೆ ಇಳಿದು ಕೂರಲು ಆ ಹೊತ್ತು ಬೇಕು, ತಕ್ಷಣ ಉಸಿರು ಬಿಟ್ಟರೆ ಒಳಗೆ ಹೋದ ಔಷಧಿಯಲ್ಲಿ ಸ್ವಲ್ಪ ವಾಪಸ್ ಹೊರಗೆ ಬರುತ್ತದೆ.

ಬಿಚ್ಚಿ ನೋಡಿ. ಪುಡಿ ಉಳಿದಿದ್ದರೆ ಜೋಡಿಸಿ ಇನ್ನೊಂದು ಸಲ ಎಳೆಯಿರಿ. ಅದು ಎರಡನೇ ಡೋಸ್ ಅಲ್ಲ, ಮೊದಲನೆಯದರ ಬಾಕಿ. ಖಾಲಿಯಾದ ಮೇಲೆ ಚಿಪ್ಪುಗಳನ್ನು ಬಿಸಾಡಿ. ಒಮ್ಮೊಮ್ಮೆ ಕ್ಯಾಪ್ಸೂಲಿನ ಚೂರು ಬಾಯಿಗೆ ಬಂದರೆ ಹೆದರಬೇಡಿ, ನುಂಗಿದರೂ ಏನೂ ಆಗೋದಿಲ್ಲ.

ನುಂಗುವ ಮಾತು ಬಂದಿದ್ದರಿಂದ ಹೇಳುತ್ತೇನೆ. ಈ ಕ್ಯಾಪ್ಸೂಲನ್ನೇ ನೀರಿನ ಜೊತೆ ನುಂಗುವವರಿದ್ದಾರೆ. ನಗಬೇಡಿ, ಇದು ನಡೆಯುವ ವಿಷಯ, ಬೇರೆ ದೇಶಗಳಲ್ಲೂ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2008ರಲ್ಲಿ ಇದರ ಬಗ್ಗೆಯೇ ಜನರಿಗೆ ಎಚ್ಚರಿಕೆ ಕೊಟ್ಟಿತ್ತು. ಮೆಡಿಕಲ್ ಶಾಪಿನಲ್ಲಿ ಕ್ಯಾಪ್ಸೂಲ್ ಮಾತ್ರ ಕೊಟ್ಟು, ಡಬ್ಬಿ ಇದೆಯಾ ಅಂತ ಕೇಳದೇ ಇದ್ದರೆ, ಕ್ಯಾಪ್ಸೂಲ್ ಅಂದ ಮೇಲೆ ನುಂಗೋದೇ ಅಂತ ಯಾರಿಗಾದರೂ ಅನಿಸುತ್ತದೆ ಅಲ್ವಾ? ನುಂಗಿದರೆ ಅಪಾಯ ಕಡಿಮೆ, ಆದರೆ ಪ್ರಯೋಜನವೂ ಇಲ್ಲ. ಉಬ್ಬಸ ಬಂದಾಗ ಕೊಳವೆ ಅಗಲ ಮಾಡುವ ಸಾಲ್ಬುಟಮಾಲ್ ಔಷಧಿಯ ಮಾತ್ರೆಯಲ್ಲಿ 2 ಅಥವಾ 4 ಮಿಲಿಗ್ರಾಂ ಇರುತ್ತದೆ. ಅದೇ ಔಷಧಿಯ ಎಳೆಯುವ ಕ್ಯಾಪ್ಸೂಲಿನಲ್ಲಿ 200 ಮೈಕ್ರೋಗ್ರಾಂ. ಅಂದರೆ 4 ಮಿಲಿಗ್ರಾಂ ಮಾತ್ರೆಯ ಇಪ್ಪತ್ತರಲ್ಲಿ ಒಂದು ಪಾಲು. ನೇರ ಶ್ವಾಸಕೋಶಕ್ಕೆ ಹೋಗುವುದರಿಂದ ಅಷ್ಟು ಸಾಕಾಗುತ್ತದೆ, ಹೊಟ್ಟೆಗೆ ಹೋದರೆ ಅದು ಯಾವ ಮೂಲೆಗೆ?

"ಇನ್ಹೇಲರ್ ಶುರು ಮಾಡಿದರೆ ಅಭ್ಯಾಸ ಆಗ್ಬಿಡುತ್ತೆ, ಮಾತ್ರೆ ಕೊಡಿ ಸಾಕು" ಅನ್ನುವವರಿಗೂ ಇದೇ ಲೆಕ್ಕ ಹೇಳಬೇಕು. ಮಾತ್ರೆ ರಕ್ತದಲ್ಲಿ ಸೇರಿ ಮೈಯೆಲ್ಲ ಸುತ್ತಿ ಆಮೇಲೆ ಶ್ವಾಸಕೋಶಕ್ಕೆ ಬರಬೇಕು, ಕೈ ನಡುಕ, ಎದೆ ಬಡಿತ ಜಾಸ್ತಿಯಾಗುವುದು ಅದರಿಂದಲೇ. ಇನ್ಹೇಲರ್ ಕಡೇ ಹಂತದ ಔಷಧಿಯಲ್ಲ, ಮೊದಲ ಹಂತದ್ದು. ಮಗಳ ಮದುವೆ ಮಾತುಕತೆ ಹೊತ್ತಲ್ಲಿ ಇನ್ಹೇಲರ್ ಬಚ್ಚಿಡುವ ಮನೆಗಳು ಇವತ್ತಿಗೂ ಇವೆ. ಆ ಹುಡುಗಿ ಬಚ್ಚಲಿಗೆ ಹೋಗಿ ಗಡಿಬಿಡಿಯಲ್ಲಿ ಅರ್ಧ ಉಸಿರು ಎಳೆದು ಬರುತ್ತಾಳೆ. ಇದು ನನಗೆ ತುಂಬಾ ಬೇಜಾರಾಗುವ ವಿಷಯ. ಕನ್ನಡಕ ಹಾಕಿಕೊಳ್ಳಲು ಯಾರೂ ಬಚ್ಚಲಿಗೆ ಹೋಗೋದಿಲ್ಲ.

ತೇವದ ವಿಷಯ ಮಲೆನಾಡು, ಕರಾವಳಿಯವರು ಗಮನವಿಟ್ಟು ಓದಬೇಕು. ಆಗುಂಬೆ, ಮಡಿಕೇರಿ, ಮಂಗಳೂರಿನ ಮಳೆಗಾಲದಲ್ಲಿ ಉಪ್ಪು ನೀರಾಗುತ್ತದೆ, ಬೆಂಕಿಪೊಟ್ಟಣ ಹತ್ತೋದಿಲ್ಲ. ಅಂಥ ಗಾಳಿಯಲ್ಲಿ ಕ್ಯಾಪ್ಸೂಲ್ ಬಾಟಲಿ ಮುಚ್ಚಳ ತೆರೆದಿಟ್ಟರೆ ಒಳಗಿನ ಪುಡಿ ಗಂಟಾಗದೆ ಇರುತ್ತದಾ? ಒಂದು ವಾರಕ್ಕೆ ಬೇಕು ಅಂತ ಏಳೆಂಟು ಕ್ಯಾಪ್ಸೂಲ್ ತೆಗೆದು ಜೇಬಿನ ಡಬ್ಬಿಗೆ ಹಾಕಿಕೊಳ್ಳಬೇಡಿ, ಬೇಕಾದಾಗ ಒಂದೊಂದೇ ತೆಗೆಯಿರಿ. ಬಾಟಲಿಯಲ್ಲಿ ತೇವ ಹೀರುವ ಸಣ್ಣ ಪೊಟ್ಟಣ ಇದ್ದರೆ ಬಿಸಾಡದೆ ಅಲ್ಲೇ ಇರಲಿ. ಬಚ್ಚಲ ಮನೆ, ಅಡುಗೆ ಒಲೆ ಪಕ್ಕ, ಕಿಟಕಿ ಅಂಚು ಬೇಡ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ತೊಂದರೆ ಬೇರೆ ಥರ: ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ, ಬೈಕಿನ ಡಿಕ್ಕಿಯೊಳಗೆ ಇಡಬೇಡಿ.

ಡಬ್ಬಿಯನ್ನು ವಾರಕ್ಕೊಮ್ಮೆಯಾದರೂ ಬಿಚ್ಚಿ ನಲ್ಲಿ ನೀರಲ್ಲಿ ತೊಳೆದು, ನೀರು ಕೊಡವಿ, ನೆರಳಲ್ಲಿ ಪೂರ್ತಿ ಒಣಗಿಸಿ. ಬಟ್ಟೆ ತುರುಕಿ ಒರೆಸುವುದು ಬೇಡ. ಒಣಗುವ ಮುಂಚೆ ಬಳಸಿದರೆ ಪುಡಿ ಅಲ್ಲೇ ಮೆತ್ತುತ್ತದೆ, ಅದಕ್ಕೆ ರಾತ್ರಿ ಡೋಸ್ ಆದ ಮೇಲೆ ತೊಳೆದಿಡುವುದು ಒಳ್ಳೆಯದು. ಈ ತೊಳೆಯುವ ಮಾತು ರೋಟಾಹೇಲರಿಗೆ ಮಾತ್ರ. ಔಷಧಿ ಒಳಗೇ ತುಂಬಿಸಿ ಬರುವ ಆಕ್ಯುಹೇಲರ್, ಟರ್ಬುಹೇಲರಿಗೆ ನೀರು ತಾಗಲೇಬಾರದು, ಬಾಯಿಗಿಡುವ ಭಾಗವನ್ನು ಒಣ ಬಟ್ಟೆಯಿಂದ ಒರೆಸಿದರೆ ಸಾಕು.

ಈ ಬೇರೆ ಬೇರೆ ಸಾಧನಗಳ ಉಸಿರಿನ ಕ್ರಮ ಹೆಚ್ಚುಕಡಿಮೆ ಒಂದೇ, ಡೋಸ್ ಸಿದ್ಧ ಮಾಡುವ ರೀತಿ ಬೇರೆ. ಆಕ್ಯುಹೇಲರಿನಲ್ಲಿ ಲಿವರ್, ಅಂದರೆ ಸಣ್ಣ ಹಿಡಿ ಸರಿಸಿದರೆ ಡೋಸ್ ಸಿದ್ಧ, ಆಮೇಲೆ ಅದನ್ನು ಅಡ್ಡಡ್ಡವಾಗಿಯೇ ಹಿಡಿದಿರಬೇಕು. ಸುಮ್ನೆ ಲಿವರ್ ಆಡಿಸುತ್ತಾ ಕೂತರೆ ಡೋಸ್ ವ್ಯರ್ಥವಾಗುತ್ತದೆ. ಟರ್ಬುಹೇಲರನ್ನು ನೆಟ್ಟಗೆ ಹಿಡಿದು ಬುಡವನ್ನು ಒಂದು ಕಡೆ ಪೂರ್ತಿ ತಿರುಗಿಸಿ, ಮತ್ತೆ ವಾಪಸ್ ತಿರುಗಿಸಬೇಕು, ಕ್ಲಿಕ್ ಅಂತ ಸದ್ದು ಬರುತ್ತದೆ. ಅದರಲ್ಲಿ ಪುಡಿ ಎಷ್ಟು ಕಡಿಮೆ ಅಂದರೆ ರುಚಿಯೇ ಗೊತ್ತಾಗೋದಿಲ್ಲ. ಏನೂ ಬರಲಿಲ್ಲ ಅಂತ ಮತ್ತೆ ಮತ್ತೆ ಎಳೆಯಬೇಡಿ. ಅಲ್ಲಾಡಿಸಿದರೆ ಗಲಗಲ ಅನ್ನುವುದು ಔಷಧಿಯಲ್ಲ, ತೇವ ಹೀರಲು ಹಾಕಿದ ವಸ್ತು. ಖಾಲಿಯಾದ ಮೇಲೂ ಆ ಸದ್ದು ಬರುತ್ತದೆ, ಹಾಗಾಗಿ ಸದ್ದು ನಂಬದೆ ಎಷ್ಟು ಡೋಸ್ ಉಳಿದಿದೆ ಅಂತ ತೋರಿಸುವ ಸೂಚಕ ನೋಡಿ. ಕ್ಯಾಪ್ಸೂಲ್ ಹಾಕಿಯೇ ಬಳಸುವ ಹ್ಯಾಂಡಿಹೇಲರ್ ಮಾತ್ರ ಸ್ವಲ್ಪ ಬೇರೆ. ಅದರಲ್ಲಿ ಎಳೆಯುವಾಗಲೇ ತುಂಬಾ ತಡೆ ಇರುತ್ತದೆ, ಹಾಗಾಗಿ ರಭಸ ಬೇಡ. ಒಳಗೆ ಕ್ಯಾಪ್ಸೂಲ್ ಅದುರುವ ಸದ್ದು ಕೇಳಿಸುವಷ್ಟು, ಆಳವಾಗಿ ಎಳೆದರೆ ಸರಿ.

ಸ್ಟೆರಾಯ್ಡ್ ಇರುವ ಔಷಧಿ, ಅಂದರೆ ಬುಡೆಸೊನೈಡ್, ಫ್ಲುಟಿಕಾಸೋನ್ ಇಂಥವು ತಗೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಲೇಬೇಕು. ಗಂಟಲಲ್ಲಿ ಉಳಿದ ಪುಡಿಯಿಂದ ದನಿ ಒಡೆಯಬಹುದು, ನಾಲಿಗೆ ಮೇಲೆ ಬಿಳಿ ಬಿಳಿ ಶಿಲೀಂಧ್ರ ಬೆಳೆಯಬಹುದು. ಹಲ್ಲುಜ್ಜುವ ಮುಂಚೆ ಡೋಸ್ ತಗೊಳ್ಳುವ ಅಭ್ಯಾಸ ಮಾಡಿಕೊಂಡರೆ ಇದು ಮರೆಯೋದಿಲ್ಲ. ಈ ಬಗೆಯ ಔಷಧಿ ತಕ್ಷಣ ಆರಾಮ ಕೊಡುವುದಕ್ಕಲ್ಲ, ಕೊಳವೆಗಳ ಊತ ಇಳಿಸುವುದಕ್ಕೆ. ದಿನಗಳು, ವಾರಗಳು ಬೇಕಾಗುತ್ತದೆ. ಎರಡು ದಿನ ಚೆನ್ನಾಗಿ ಉಸಿರಾಡಿದ ಕೂಡಲೇ ಬಿಟ್ಟುಬಿಟ್ಟರೆ ಉಬ್ಬಸ ಮತ್ತೆ ಬರುತ್ತದೆ.

ಪುಡಿ ಇನ್ಹೇಲರ್ ಎಲ್ಲರಿಗೂ ಆಗೋದಿಲ್ಲ ಅನ್ನೋದನ್ನೂ ಹೇಳಬೇಕು. ಐದಾರು ವರ್ಷದೊಳಗಿನ ಮಕ್ಕಳಿಗೆ ಅಷ್ಟು ಜೋರಾಗಿ ಎಳೆಯಲು ಬರೋದಿಲ್ಲ, ಅವರಿಗೆ ಪಂಪ್ ಮತ್ತು ಅದಕ್ಕೆ ಜೋಡಿಸುವ ಟೊಳ್ಳು ಡಬ್ಬಿ, ಅಂದರೆ ಸ್ಪೇಸರ್ ಸರಿ. ವರ್ಷಾನುಗಟ್ಟಲೆ ಒಲೆ ಹೊಗೆ ಕುಡಿದ, ಅಥವಾ ಬೀಡಿ ಸೇದಿ ಸಿಒಪಿಡಿ, ಅಂದರೆ ಶ್ವಾಸಕೋಶದ ಕೊಳವೆಗಳು ಕಿರಿದಾಗಿ ಉಳಿಯುವ ದೀರ್ಘಕಾಲದ ಕಾಯಿಲೆ ಬಂದ, ಮೈಯಲ್ಲಿ ಕಸುವಿಲ್ಲದ ವಯಸ್ಸಾದವರಿಗೂ ಇದೇ ಕಷ್ಟ ಬರಬಹುದು. ಎಳೆಯುವ ಬಲ ಎಷ್ಟಿದೆ ಅಂತ ಅಳೆಯುವ ಸಣ್ಣ ಉಪಕರಣ ಶ್ವಾಸಕೋಶ ತಜ್ಞರ ಹತ್ತಿರ ಇರುತ್ತದೆ, ಕೇಳಿ ನೋಡಿ. ಹಾಲಿನ ಪ್ರೋಟೀನಿಗೆ ತೀವ್ರ ಅಲರ್ಜಿ ಇರುವವರು ಲ್ಯಾಕ್ಟೋಸ್ ವಿಷಯವನ್ನು ಡಾಕ್ಟರಿಗೆ ಮೊದಲೇ ಹೇಳಬೇಕು.

ಉಬ್ಬಸ ತೀರಾ ಜೋರಾದಾಗ ದೊಡ್ಡವರಿಗೂ ಪುಡಿ ಎಳೆಯುವ ಬಲ ಸಾಲದೇ ಹೋಗಬಹುದು. ಅಂಥ ಹೊತ್ತಿಗೆ ಏನು ಮಾಡಬೇಕು ಅಂತ ಚೆನ್ನಾಗಿರುವಾಗಲೇ ಡಾಕ್ಟರನ್ನು ಕೇಳಿ ಬರೆಸಿಕೊಂಡಿರಿ. ಪಂಪ್ ಮತ್ತು ಸ್ಪೇಸರ್ ಮನೆಯಲ್ಲಿಡಿ ಅಂತ ಕೆಲವರಿಗೆ ಹೇಳುತ್ತಾರೆ. ಒಂದು ವಾಕ್ಯ ಪೂರ್ತಿ ಹೇಳೋಕಾಗದಷ್ಟು ಏದುಸಿರು, ತುಟಿ ನೀಲಿ, ಔಷಧಿ ಎಳೆದರೂ ಇಳಿಯದ ಉಬ್ಬಸ, ಇವು ಕಂಡರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ ಅಥವಾ ಸಿಕ್ಕ ಗಾಡಿಯಲ್ಲಿ ಆಸ್ಪತ್ರೆಗೆ ಹೊರಡಿ.

ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಚೀಟಿ ಜೊತೆ ಡಬ್ಬಿಯನ್ನೂ ಒಯ್ಯಿರಿ. "ಸರ್, ನಾನು ಎಳೆಯೋದು ಸರಿ ಇದೆಯಾ ನೋಡಿ" ಅಂತ ಕೇಳಿ, ಅವರ ಎದುರೇ ಒಂದು ಡೋಸ್ ತಗೊಳ್ಳಿ. ಒಮ್ಮೆ ಕಲಿತವರೂ ಕೆಲವು ತಿಂಗಳಲ್ಲಿ ಹಳೇ ರೂಢಿಗೆ ಜಾರುತ್ತಾರೆ, ಅದಕ್ಕೆ ಪ್ರತಿ ಭೇಟಿಯಲ್ಲೂ ಕೇಳಬೇಕು. ಔಷಧಿ ಡೋಸ್ ಜಾಸ್ತಿ ಮಾಡುವ ಮುಂಚೆ ಇದೊಂದು ನೋಡಿದರೆ ಎಷ್ಟೋ ಸಲ ಜಾಸ್ತಿ ಮಾಡುವ ಅಗತ್ಯವೇ ಬೀಳೋದಿಲ್ಲ. ಮೆಡಿಕಲ್ ಶಾಪಿನಲ್ಲಿ "ಆ ಕಂಪನಿದು ಇಲ್ಲ, ಇದೂ ಅದೇ" ಅಂತ ಬೇರೆ ಡಬ್ಬಿ ಕೊಟ್ಟರೆ ಹಾಗೇ ಚೀಲಕ್ಕೆ ಹಾಕಿಕೊಂಡು ಬರಬೇಡಿ. ಔಷಧಿ ಅದೇ ಇರಬಹುದು, ಆದರೆ ಕ್ಯಾಪ್ಸೂಲ್ ಒಡೆಯುವ ರೀತಿ ಬೇರೆ ಇದ್ದರೆ ನಿಮ್ಮ ಕೈಗೆ ಅದು ಹೊಸದು. ಕೌಂಟರಿನಲ್ಲೇ ಬಿಚ್ಚಿಸಿ, ಹೇಗೆ ಹಾಕೋದು, ಎಷ್ಟು ಜೋರಾಗಿ ಎಳೆಯೋದು ಅಂತ ತೋರಿಸಿಕೊಂಡು ಬನ್ನಿ.